ಒಂದು ಗ್ಯಾಲನ್ನಿಗೆ ಮೂವತ್ತು ಮೈಲಿ

ಪೆಟ್ರೋಲು ಉಳಿಸಬೇಕು ಅಂತ ಹೊರಟವನಿಗೆ ನೆಮ್ಮದಿಯ ದಿನ ಅಂತ ಒಂದೂ ಇರುವುದಿಲ್ಲ. ಬೆಳಿಗ್ಗೆ ಎದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೇರೆಯವರಿಗೆ ವರ್ಷಕ್ಕೊಂದು ಆಗುವಂಥವು ನನಗೆ ಒಂದೇ ತಿಂಗಳಲ್ಲಿ ಅಷ್ಟೂ ಆಗಿಹೋದವು. ಆಗಿದ್ದು ಒಳ್ಳೆಯದೇ ಅನ್ನಿ. ಆ ಕಾಲಕ್ಕೆ ಇಡೀ ಮೈಸೂರು ಸೀಮೆಯಲ್ಲಿ ಕಾರು ಓಡಿಸುವ ಮರ್ಮ ಗೊತ್ತಿದ್ದವರು ಇಬ್ಬರೇ. ಇನ್ನೊಬ್ಬರು ಯಾರು ಅಂತ ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

೧. ಮಾವನವರ ಷರತ್ತು

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಜಯನಗರ ಅಂದರೆ ಆಗ ಊರಾಚೆ. ನಮ್ಮ ರಸ್ತೆಯಲ್ಲಿ ಮನೆಗಳು ಏಳು, ಖಾಲಿ ಸೈಟುಗಳು ಮೂವತ್ತು, ಕಾರು ಒಂದು. ಆ ಒಂದು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ನನ್ನದು ಅನ್ನುವ ಹಾಗಿರಲಿಲ್ಲ. ಬಸವನಗುಡಿಯಲ್ಲಿದ್ದ ನಮ್ಮ ಮಾವನವರದು. ಅವರು ಸೇತುವೆ ಕಟ್ಟಿಸಿ ರಿಟೈರಾದ ಎಂಜಿನಿಯರ್. ಕಣ್ಣು ಮಂಜಾಯಿತು ಅಂತ ಕಾರನ್ನು ಮಗಳ ಮನೆಯಲ್ಲಿ ಬಿಟ್ಟಿದ್ದರು. ಕೊಟ್ಟಿರಲಿಲ್ಲ, ಬಿಟ್ಟಿದ್ದರು.

ಆ ಕಾರಿನಿಂದ ನಿಜವಾಗಿ ಪ್ರಯೋಜನ ಆದದ್ದು ನಮ್ಮ ಅಮ್ಮನಿಗೆ. ಮಂಡಿ ನೋವಿನಿಂದ ಮೂರು ವರ್ಷ ಗೇಟು ದಾಟಿರಲಿಲ್ಲ. ಕಾರು ಬಂದ ಮೇಲೆ ಶುಕ್ರವಾರ ಶುಕ್ರವಾರ ಬನಶಂಕರಿ ಗುಡಿಗೆ ಹೋಗಿಬರುತ್ತಿದ್ದಳು. ಗುರುವಾರ ಮಧ್ಯಾಹ್ನವೇ ಸೀರೆ ತೆಗೆದಿಟ್ಟು ಕಾಯುತ್ತಿದ್ದಳು.

ಒಂದು ದಿನ ಮಾವನವರು ಬಂದು ಬಾನೆಟ್ ಮೇಲೆ ಕಿವಿ ಇಟ್ಟು ಕೇಳಿ, "ಗ್ಯಾಲನ್ನಿಗೆ ಎಷ್ಟು ಕೊಡ್ತಿದೆ?" ಅಂದರು.

ಕೊಡುತ್ತಿದ್ದದ್ದು ಹದಿನೆಂಟು. ನಾನು ಹದಿನೆಂಟು ಅನ್ನಬೇಕು ಅಂತಲೇ ಬಾಯಿ ತೆರೆದೆ. "ಮೂವತ್ತು, ಮಾವ. ಮನಸ್ಸು ಬಂದ ದಿನ ಮೂವತ್ತೆರಡು."

"ನನ್ನ ಕೈಲಿ ಇಪ್ಪತ್ತು ದಾಟಲಿಲ್ಲವಲ್ಲ?"

"ಅದು ಓಡಿಸೋ ಕೈ ಮೇಲೆ ಇರುತ್ತೆ, ಮಾವ."

ಮಾವನವರು ಜೇಬಿನಿಂದ ನೋಟ್‌ಬುಕ್ ತೆಗೆದರು. ಬರೆದರು. ಬರೆದದ್ದನ್ನು ಓದಿದರು: "ಬರುವ ತಿಂಗಳ ಮೊದಲ ಶನಿವಾರ ಪರೀಕ್ಷೆ. ಟ್ಯಾಂಕು ಖಾಲಿ ಮಾಡಿ ನಾನೇ ಒಂದು ಗ್ಯಾಲನ್ ಹಾಕಿ ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತುತ್ತೇನೆ. ಅಷ್ಟರಲ್ಲಿ ಮೂವತ್ತು ಮೈಲಿ ಓಡಿದರೆ ಕಾರು ನಿಮಗೆ. ಓಡದಿದ್ದರೆ ಮಲ್ಲೇಶ್ವರಕ್ಕೆ."

ಮಲ್ಲೇಶ್ವರ ಅಂದರೆ ಅಲ್ಲಿದ್ದ ನನ್ನ ಷಡ್ಡಕ. ಅವರ ಎರಡನೇ ಅಳಿಯ. ಆ ಮನುಷ್ಯನಿಗೆ ಸೈಕಲ್ಲೇ ಸರಿಯಾಗಿ ಬರುತ್ತಿರಲಿಲ್ಲ.

ಒಳಗಿನಿಂದ ಅಮ್ಮ, "ಹಾಗಾದ್ರೆ ಶುಕ್ರವಾರ?" ಅಂದಳು. ಮಾವನವರು ಹೋದ ಮೇಲೆ ನಾನು, "ಮೊದಲು ಬ್ರೇಕು ಚೆಕ್ ಮಾಡಿಸಬೇಕು" ಅಂದೆ.

ನನ್ನ ಹೆಂಡತಿ, "ಕಾರಿನ ಬ್ರೇಕು ಚೆನ್ನಾಗೇ ಇದೆ. ನಿಮ್ಮ ನಾಲಿಗೆಗೆ ಒಂದು ಹಾಕಿಸ್ಕೊಂಡು ಬನ್ನಿ" ಅಂದಳು.

೨. ತೂಕ ಇಳಿಸಿದ್ದು

ಕಾರು ಪೆಟ್ರೋಲು ಕುಡಿಯುವುದು ಭಾರಕ್ಕೆ. ಇದು ಪುಸ್ತಕ ಓದದೆ ನಾನೇ ಕಂಡುಹಿಡಿದ ಸತ್ಯ. ಮೊದಲು ಸ್ಟೆಪ್ನಿ ತೆಗೆದೆ. ಆಮೇಲೆ ಜ್ಯಾಕ್, ಸ್ಪ್ಯಾನರ್ ಚೀಲ, ಕಾಲೊರಸು. ಅಷ್ಟಕ್ಕೆ ತೃಪ್ತಿಯಾಗದೆ ಹಿಂದಿನ ಸೀಟನ್ನೇ ಬಿಚ್ಚಿ ನಡುಮನೆಯಲ್ಲಿಟ್ಟೆ. ಅದರ ಮೇಲೆ ಬೆಕ್ಕು ಮಲಗಿತು.

ಶುಕ್ರವಾರ ಬಂತು. ಅಮ್ಮನಿಗೆ ಹಿಂದೆ ಒಂದು ಊಟದ ಮಣೆ ಹಾಕಿ ಕೂರಿಸಿದೆ. ಹೊರಗಿನಿಂದ ನೋಡುವವರಿಗೆ ಕಿಟಕಿಯಲ್ಲಿ ಅಮ್ಮನ ಹಣೆ, ಕುಂಕುಮ, ಅಷ್ಟೇ ಕಾಣುತ್ತಿತ್ತು. ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಏನ್ ಸಾರ್ ಇದು? ಅಜ್ಜಿನ ನೆಲದ ಮೇಲೆ ಕೂರಿಸಿದೀರಿ. ಸೀಟೆಲ್ಲಿ?"

ಕೇಸು ಗೀಸು ಆದರೆ ಮಾವನವರಿಗೆ ಸುದ್ದಿ ಹೋಗುತ್ತದೆ. ಪರೀಕ್ಷೆಗೆ ಮೊದಲೇ ಕಾರು ಮಲ್ಲೇಶ್ವರ ಸೇರುತ್ತದೆ. ನಾನು ತೊದಲುವುದರೊಳಗೆ ಅಮ್ಮ ಕಿಟಕಿಯ ಅಂಚಿನಿಂದ ಎರಡು ಕಣ್ಣು ಮೇಲೆತ್ತಿ, "ಮಡೀಲಿದೀನಿ ಕಣಪ್ಪ. ಬಟ್ಟೆ ಸೀಟು ಮುಟ್ಟೋ ಹಾಗಿಲ್ಲ. ನೀನೂ ಸ್ವಲ್ಪ ದೂರ ನಿಂತ್ಕೋ" ಅಂದಳು.

ಅವನು ಮೂರು ಹೆಜ್ಜೆ ಹಿಂದೆ ಹಾರಿ, ಅತ್ತ ಕಡೆಯ ಜಟಕಾ, ಇತ್ತ ಕಡೆಯ ಬಸ್ಸು ಎರಡನ್ನೂ ನಿಲ್ಲಿಸಿ ನಮ್ಮನ್ನು ಬಿಟ್ಟ.

ವಾಪಸು ಬಂದು ಲೆಕ್ಕ ಹಾಕಿದರೆ ಇಷ್ಟೆಲ್ಲ ಬಿಚ್ಚಿ ಹೆಚ್ಚಿದ್ದು ಒಂದೂವರೆ ಮೈಲಿ. "ಇನ್ನೇನು ತೆಗೀಬಹುದು?" ಅಂತ ಕಾರಿನ ಸುತ್ತ ಸುತ್ತುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: "ಸ್ಟೆಪ್ನಿ ಮೂವತ್ತು ಪೌಂಡು. ನೀವು ನೂರ ತೊಂಬತ್ತು. ಯಾವುದನ್ನ ಕೆಳಗಿಳಿಸಬೇಕು ಅಂತ ನನ್ನನ್ನ ಯಾಕೆ ಕೇಳ್ತೀರಿ?"

೩. ನಿಲ್ಲದ ದರ್ಶನ

ಎರಡನೆಯ ಸತ್ಯ: ಕಾರು ನಿಲ್ಲಿಸಬಾರದು. ನಿಂತದ್ದನ್ನು ಮತ್ತೆ ಎಬ್ಬಿಸುವಾಗಲೇ ಅದು ಗಟಗಟ ಕುಡಿಯುವುದು. ಹಾಗಾಗಿ ನಾನು ಬ್ರೇಕ್ ಪೆಡಲ್ಲಿನ ಮೇಲೆ ಕಾಲಿಡುವುದನ್ನೇ ಬಿಟ್ಟೆ. ತರಕಾರಿಯವಳ ಹತ್ತಿರ ಕೊತ್ತಂಬರಿ ಸೊಪ್ಪು ಓಡುತ್ತಲೇ ಕೊಂಡೆ. ಆಫೀಸಿನ ಗೆಳೆಯರನ್ನು ಓಡುತ್ತಲೇ ಹತ್ತಿಸಿಕೊಂಡೆ, ಓಡುತ್ತಲೇ ಇಳಿಸಿದೆ. ಒಬ್ಬರು ಮಾತ್ರ ಎರಡು ದಿನ ರಜೆ ಹಾಕಿದರು.

ಮುಂದಿನ ಶುಕ್ರವಾರ ಬಂತು. ಗುಡಿ ಸಮೀಪಿಸಿತು.

"ಅಮ್ಮ, ಇವತ್ತು ಇಳಿಯೋದು ಬೇಡ. ಮುಂದಿನ ಬಯಲಲ್ಲಿ ನಿಧಾನಕ್ಕೆ ಮೂರು ಸುತ್ತು ಹಾಕ್ತೀನಿ. ನೀನು ಒಳಗಿಂದಲೇ ಕೈ ಮುಗಿ."

"ದೇವರಿಗೆ ಟಾಟಾ ಮಾಡೋಕೆ ಬಂದಿದೀನೇನೋ ನಾನು?"

"ಮೂವತ್ತು ಬರದಿದ್ರೆ ಮುಂದೆ ಆ ಟಾಟಾನೂ ಇಲ್ಲ, ಅಮ್ಮ."

ಅಮ್ಮ ಸೆರಗು ಹೊದ್ದು ಒಳಗಿಂದಲೇ ಕೈ ಜೋಡಿಸಿದಳು. ನೋಡಿ ಪಾಪ ಅನ್ನಿಸಿತು, ಆದರೂ ಕಾಲು ಬ್ರೇಕಿಗೆ ಹೋಗಲಿಲ್ಲ. ಮೊದಲ ಸುತ್ತಿನಲ್ಲೇ ಪೂಜಾರಿಗಳು ಅಮ್ಮನ ಗುರುತು ಹಿಡಿದು ಮಂಗಳಾರತಿ ತಟ್ಟೆ ಎತ್ತಿಕೊಂಡು ಹೊರಬಂದರು. ಹೊಟ್ಟೆ ಇದ್ದ ಮನುಷ್ಯ, ಪಾಪ. ಕಾರಿನ ಜೊತೆ ಜೊತೆಗೆ ಓಡಿದರು. ಗಾಳಿಗೆ ಕರ್ಪೂರ ಆರಿತು. ಒಳಗೆ ಓಡಿ ಹೊತ್ತಿಸಿಕೊಂಡು ಬರುವಷ್ಟರಲ್ಲಿ ನಾನು ಎರಡನೇ ಸುತ್ತು ಮುಗಿಸಿದ್ದೆ. ಮೂರನೇ ಸುತ್ತಿನಲ್ಲಿ ಅಡ್ಡದಾರಿ ಹಿಡಿದು ನನಗಿಂತ ಮುಂದೆ ಹಾಯ್ದು ಕಿಟಕಿಗೆ ತಟ್ಟೆ ಹಿಡಿದೇ ಬಿಟ್ಟರು. ಅಮ್ಮ ಕಣ್ಣಿಗೊತ್ತಿಕೊಂಡಳು.

ಪೂಜಾರಿಗಳು ಏದುಸಿರು ಬಿಡುತ್ತಾ ಹೇಳಿದರು: "ಭಕ್ತರು ದೇವರಿಗೆ ಪ್ರದಕ್ಷಿಣೆ ಹಾಕೋದು ನೋಡಿದೀನಿ ಸ್ವಾಮಿ. ಪೂಜಾರಿ ಭಕ್ತರಿಗೆ ಹಾಕಿದ್ದು ಇವತ್ತೇ ಮೊದಲು."

೪. ಗಂಟಲು ಬಿಗಿದ ಕಾರು

ಇನ್ನು ಎರಡು ವಾರ ಉಳಿದಿತ್ತು. ಮೈಲೇಜು ಇಪ್ಪತ್ತೊಂದಕ್ಕೆ ಬಂದು ಮೊಂಡು ಹಿಡಿದಿತ್ತು. ಈಗ ತಿಲಕ್ ನಗರ ಅಂತಾರಲ್ಲ, ಆ ಕಡೆ ಒಂದು ಹುಣಸೆ ಮರದ ಕೆಳಗೆ ಮೆಕ್ಯಾನಿಕ್ ಸಾಹೇಬರೊಬ್ಬರು ಕೂರುತ್ತಿದ್ದರು. ಅವರು ಕಾರ್ಬುರೇಟರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು.

"ಇದು ಗಾಡಿ ಗಂಟಲು ಸಾಬ್. ಗಂಟಲು ದೊಡ್ಡದಿದ್ರೆ ಜಾಸ್ತಿ ಕುಡೀತದೆ. ನಾನು ಸಣ್ಣ ಮಾಡ್ತೀನಿ."

ಪೆಟ್ರೋಲು ಬರುವ ರಂಧ್ರದೊಳಗೆ ಕೂದಲೆಳೆಯಂಥ ತಾಮ್ರದ ತಂತಿ ಒಂದನ್ನು ತೂರಿಸಿದರು. ಕಾರು ಸಮತಟ್ಟು ರಸ್ತೆಯಲ್ಲಿ ಹಂಸದ ಹಾಗೆ ಹೋಯಿತು. ಏರು ಬಂದ ತಕ್ಷಣ ನಿಂತಿತು. ಫಸ್ಟ್ ಗೇರಿಗೂ ಜಗ್ಗಲಿಲ್ಲ.

"ಏರಿಗೆ ಏನ್ ಮಾಡ್ಲಿ ಸಾಹೇಬ್ರೇ?"

"ರಿವರ್ಸ್ ಗೇರ್‌ಗೆ ಎಲ್ಲಕ್ಕಿಂತ ಜೋರು ತಾಕತ್ತು. ಉಲ್ಟಾ ಹತ್ತಿ, ಸಾಬ್."

ನಮ್ಮ ಮನೆಯಿಂದ ಆಫೀಸಿನ ದಾರಿ ಬಹುಪಾಲು ಏರು. ಆ ವಾರವೆಲ್ಲ ನಾನು ಬೆನ್ನು ಮುಂದೆ ಮಾಡಿಕೊಂಡು ಆಫೀಸಿಗೆ ಹೋದೆ. ಎದುರಿಗೆ ಬಂದವರು ನಾನು ಹೋಗುತ್ತಿದ್ದೇನೋ ಬರುತ್ತಿದ್ದೇನೋ ತಿಳಿಯದೆ ಎರಡೂ ಸಲ ನಮಸ್ಕಾರ ಮಾಡಿದರು. ಕುತ್ತಿಗೆ ಹಿಂದಕ್ಕೆ ತಿರುಗಿದ್ದು ಹಾಗೇ ಹಿಡಿದುಕೊಂಡು, ನಮ್ಮ ಮೇಲಧಿಕಾರಿಗಳ ಜೊತೆ ಮಾತಾಡಬೇಕಾದರೆ ಅವರಿಗೆ ಬೆನ್ನು ಹಾಕಿ ನಿಲ್ಲಬೇಕಾಯಿತು.

ಪೆಟ್ರೋಲೇನೋ ಉಳಿದಂತೆ ಕಂಡಿತು. ಶನಿವಾರ ಸಂಜೆ ಹೆಮ್ಮೆಯಿಂದ ಮೈಲಿ ಮೀಟರ್ ನೋಡಿದೆ. ಆ ಮೀಟರು ಕಾರು ಹಿಂದಕ್ಕೆ ಹೋದರೆ ತಾನೂ ಹಿಂದಕ್ಕೆ ತಿರುಗುವ ಜಾತಿಯದು. ವಾರವಿಡೀ ಆರು ದಿನ ಓಡಿಸಿದ್ದೆ. ಅದರ ಪ್ರಕಾರ ನಾನಿನ್ನೂ ಮಂಗಳವಾರದಲ್ಲೇ ಇದ್ದೆ.

೫. ಕಾರಿಗೆ ಪ್ರಸ್ಥಾನ

ತಂತಿಯನ್ನು ಇನ್ನಷ್ಟು ತೆಳ್ಳಗೆ ಮಾಡಿಸಿ, ಏರನ್ನೂ ಮುಖ ಮುಂದಾಗಿಯೇ ಹತ್ತುವಂತೆ ಮಾಡಿ, ಇಪ್ಪತ್ತನಾಲ್ಕಕ್ಕೆ ತಂದು ನಿಲ್ಲಿಸಿದೆ. ಮೂವತ್ತಕ್ಕೆ ಆರು ಕಮ್ಮಿ. ಅಷ್ಟರಲ್ಲಿ ಪರೀಕ್ಷೆ ಬಂದೇ ಬಿಟ್ಟಿತು. ಶುಕ್ರವಾರ ಸಂಜೆ ಮಾವನವರು ಬಂದು, ಬಿಚ್ಚಿದ್ದನ್ನೆಲ್ಲ ವಾಪಸು ಹಾಕಿಸಿ, ಟ್ಯಾಂಕು ಬರಿದು ಮಾಡಿಸಿ, ಅಳೆದು ಒಂದು ಗ್ಯಾಲನ್ ಹೊಯ್ದು ಅರಗಿನ ಮುದ್ರೆ ಒತ್ತಿದರು.

"ನಾಳೆ ಒಂಬತ್ತೂವರೆಗೆ ಹೊರಡೋದು. ಬನ್ನೇರುಘಟ್ಟ ದಾಟಿ ಹದಿನೈದನೇ ಮೈಲಿಗೆ ತಿರುಗೋದು. ನಿಮ್ಮ ಗೇಟಿಗೆ ವಾಪಸ್ ಬಂದರೆ ಸರಿಯಾಗಿ ಮೂವತ್ತು."

ಅವರು ಹೋದ ಮೇಲೆ ಅಮ್ಮ ಬೆರಳು ಮಡಿಚಿ ಎಣಿಸಿದಳು. "ಶನಿವಾರ ಒಂಬತ್ತಕ್ಕೆ ರಾಹುಕಾಲ ಶುರು. ಆ ಹೊತ್ತಲ್ಲಿ ಹೊರಟರೆ ಕಾರು ಮನೆಗೆ ಬರೋಲ್ಲ ಕಣೋ."

"ಮಾವ ಎಂಜಿನಿಯರ್ ಅಮ್ಮ. ರಾಹುಕಾಲ ಅಂದರೆ ನಗ್ತಾರೆ."

"ನಗಲಿ. ಒಂಬತ್ತರೊಳಗೆ ಪ್ರಸ್ಥಾನ ಇಡೋಣ."

ಒಳ್ಳೆಯ ಹೊತ್ತಿನಲ್ಲಿ ಹೊರಡಲಾಗದವರು ಆ ಹೊತ್ತಿಗೆ ಪೆಟ್ಟಿಗೆಯನ್ನೋ ಚೀಲವನ್ನೋ ಪಕ್ಕದ ಮನೆಯಲ್ಲಿಟ್ಟು, ಪ್ರಯಾಣ ಶುರುವಾಯಿತು ಅಂತ ದೇವರಿಗೆ ತಿಳಿಸುವ ಪದ್ಧತಿ ಅದು. ಚೀಲ ಇಟ್ಟರೆ ಸಾಕಿತ್ತು. ಅಮ್ಮ ಕಾರನ್ನೇ ಇಡಬೇಕು ಅಂದಳು. ಸ್ಟಾರ್ಟ್ ಮಾಡಿದರೆ ಆ ಒಂದು ಗ್ಯಾಲನ್ನಿನಲ್ಲೇ ಖರ್ಚು. ಆದ್ದರಿಂದ ಶನಿವಾರ ಎಂಟೂಮುಕ್ಕಾಲಿಗೆ ಏಳೂ ಮನೆಯ ಗಂಡಸರು ಸೇರಿ ತಳ್ಳಿದೆವು. ಒಳಗೆ ಮುಂದಿನ ಸೀಟಿನಲ್ಲಿ ಅಮ್ಮ, ತೊಡೆಯ ಮೇಲೆ ತೆಂಗಿನಕಾಯಿ.

ಪಕ್ಕದ ಮನೆ ಮುಂದೆ ನಿಲ್ಲಬೇಕಾದ ಕಾರು ನಿಲ್ಲಲಿಲ್ಲ. ಯಡಿಯೂರು ಕೆರೆ ಕಡೆ ಇಳಿಜಾರು! "ಅಮ್ಮಾ, ಹ್ಯಾಂಡ್ ಬ್ರೇಕ್!" ಅಂತ ಕೂಗುತ್ತಾ ಹಿಂದೆ ಓಡಿದೆ. ಯಾವುದು ಹ್ಯಾಂಡ್ ಬ್ರೇಕ್ ಅಂತ ಅಮ್ಮನಿಗೆ ಏನು ಗೊತ್ತು? ಕೈಗೆ ಸಿಕ್ಕಿದ್ದನ್ನು ಒತ್ತಿದಳು, ಅದು ಹಾರನ್. ಅರ್ಧ ಮೈಲಿ ಉದ್ದಕ್ಕೂ ಹಾರನ್ ಮಾಡಿಕೊಂಡು ಹೋದ ಕಾರು ಒಂದು ಹುಲ್ಲಿನ ಮೆದೆಗೆ ಮೆತ್ತಗೆ ಮೂತಿ ಇಟ್ಟು ನಿಂತಿತು. ನಾನು ಓಡಿಹೋಗಿ ಬಾಗಿಲು ತೆಗೆದರೆ ಅಮ್ಮ ಕಾಯಿ ಅಪ್ಪಿಕೊಂಡು ಕೂತಿದ್ದಾಳೆ. "ಒಂಬತ್ತಾಯ್ತೇನೋ?" ಅಂತ ಅಷ್ಟೇ ಕೇಳಿದ್ದು. ಆಗಿರಲಿಲ್ಲ.

ಅಮ್ಮನನ್ನು ಜಟಕಾದಲ್ಲಿ ಮನೆಗೆ ಕರೆತರುವ ಹೊತ್ತಿಗೆ ಮಾವನವರು ಗಡಿಯಾರ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಕಾರೆಲ್ಲಿ?"

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ಅದು ಆಗಲೇ ಹೊರಟಾಯ್ತು, ಬೀಗರೇ. ನೀವೇ ತಡ."

೬. ಹುಳಿಮಾವಿನ ಕೆರೆ ಏರಿ

ಹುಲ್ಲಿನ ಮೆದೆಯಿಂದ ಮತ್ತೆ ಅರ್ಧ ಮೈಲಿ ಏರು ಹತ್ತಿಸಬೇಕಾಗಿ ಬಂತಲ್ಲ, ಅಲ್ಲೇ ನನ್ನ ಗ್ಯಾಲನ್ನು ಕರಗತೊಡಗಿತು. ನಾನು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಾವನವರು. ಪ್ರತಿ ಮೈಲಿಕಲ್ಲಿಗೂ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಗಂಟೆಗೆ ಇಪ್ಪತ್ತು ಮೈಲಿ ಮೀರಲಿಲ್ಲ. ಇಳಿಜಾರಿನಲ್ಲೆಲ್ಲ ಎಂಜಿನ್ ಆರಿಸಿದೆ. ಉಸಿರನ್ನು ಕೂಡ ಮೆಲ್ಲಗೆ ಎಳೆದುಕೊಂಡೆ, ತೂಕ ಹೆಚ್ಚಾದೀತು ಅಂತ.

ಹದಿನೈದನೇ ಮೈಲಿಯಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಹೆಂಡತಿ ಅಪ್ಪನಿಗೆ ಇಷ್ಟ ಅಂತ ಪುಳಿಯೋಗರೆ, ಮೊಸರನ್ನ ಕಟ್ಟಿದ್ದಳು. ಮಾವನವರು ಎರಡೆರಡು ಸಲ ಹಾಕಿಸಿಕೊಂಡರು. ವಾಪಸು ಹೊರಟ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗೊರಕೆ.

"ಅಪ್ಪ, ನಿದ್ದೆ ಬಂತಾ?" ಅಂದಳು ಹೆಂಡತಿ.

"ನಾನು ಹಗಲು ಯಾವತ್ತೂ ಮಲಗೋನಲ್ಲ. ಕಣ್ಣು ಮುಚ್ಚಿ ಯೋಚಿಸ್ತೀನಿ" ಅಂದು ಮತ್ತೆ ಯೋಚಿಸತೊಡಗಿದರು. ಆ ಯೋಚನೆಯ ಸದ್ದಿಗೆ ಕಿಟಕಿ ಗಾಜು ಅದುರುತ್ತಿತ್ತು.

ಇಪ್ಪತ್ತೆರಡು. ಇಪ್ಪತ್ಮೂರು. ಇಪ್ಪತ್ತನಾಲ್ಕು ದಾಟಿ ಹುಳಿಮಾವಿನ ಕೆರೆ ಏರಿ ಮೇಲೆ ಬಂದೆವು. ಎಂಜಿನ್ ಒಂದು ಸಲ ಕೆಮ್ಮಿತು. ಎರಡು ಸಲ ಬಿಕ್ಕಳಿಸಿತು. ನಿಂತಿತು.

ಕೆರೆಯಲ್ಲಿ ಕಪ್ಪೆ ವಟಗುಟ್ಟುವುದು ಕೇಳಿಸಿತು. ಮನೆ ಇನ್ನೂ ಐದು ಮೈಲಿಯ ಮೇಲಿದೆ. ಮಾವನವರು ಎದ್ದರೆ ಮುಗಿಯಿತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೆಲ್ಲಗೆ, "ಅತ್ತೆಗೆ ಏನು ಹೇಳೋದು?" ಅಂದಳು. ಆ ಕ್ಷಣ ನನಗೆ ಮಾತೇ ಹೊರಡಲಿಲ್ಲ. ನನ್ನ ಮದುವೆಯಾದ ಮೇಲೆ ಹಾಗಾದದ್ದು ಅದೊಂದೇ ಸಲ.

ಅಷ್ಟರಲ್ಲಿ ಕೆರೆಯಿಂದ ಒಬ್ಬ ರೈತ ಒಂದು ಜೊತೆ ಕೋಣ ಹೊಡೆದುಕೊಂಡು ಮೇಲೆ ಬಂದ. ಜಯನಗರದ ಮನೆಗಳಿಗೆ ಕಲ್ಲು ಸಾಗಿಸುವ ಗಾಡಿಯವನು. ಕೋಣಗಳು ಕಪ್ಪೆಂದರೆ ಕಪ್ಪು, ಇದ್ದಿಲಿಗೆ ಎಣ್ಣೆ ಸವರಿದ ಹಾಗಿದ್ದವು. ನಾನು ಬಾಯಿ ಮೇಲೆ ಬೆರಳಿಟ್ಟು ಅವನ ಹತ್ತಿರ ಓಡಿದೆ.

"ಯಾಕ್ ಬುದ್ಧೀ ಪಿಸುಗುಟ್ತೀರಾ? ಒಳಗೆ ರೋಗಿ ಅವ್ರಾ?"

"ಮಾವ ಅವ್ರೆ."

"ಅಯ್ಯೋ, ಹಂಗಂದ್ರೆ ಇನ್ನೂ ಹುಷಾರಾಗಿ ಹೋಗ್ಬೇಕು" ಅಂದ ಪುಣ್ಯಾತ್ಮ. ಅವನಿಗೂ ಒಬ್ಬ ಮಾವ ಇದ್ದನಂತೆ. ಕೋಣಗಳ ಕೊರಳ ಗಂಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಬಂಪರ್‌ಗೆ ಬಿಗಿದ.

ಮುಂದಿನ ಎರಡೂವರೆ ಗಂಟೆ ನನ್ನ ಆಯಸ್ಸಿನಲ್ಲಿ ಹತ್ತು ವರ್ಷ ತಿಂದಿತು. ಪ್ರತಿ ಗುಂಡಿಗೂ ಗೊರಕೆ ನಿಲ್ಲುತ್ತಿತ್ತು. ನನ್ನ ಎದೆಯೂ ನಿಲ್ಲುತ್ತಿತ್ತು. ಗೊರಕೆ ಮತ್ತೆ ಹತ್ತಿದ ಮೇಲೆಯೇ ಎದೆ ಹತ್ತುತ್ತಿತ್ತು. ಬಿಸಿಲು ಮುಖಕ್ಕೆ ಬೀಳದಂತೆ ಹೆಂಡತಿ ಹಿಂದೆ ತಿರುಗಿ ಕೊಡೆ ಹಿಡಿದಳು. ಸೈಕಲ್ಲಿನವನೊಬ್ಬ, "ಏನ್ ಸಾರ್, ಎರಡು ಹಾರ್ಸ್‌ಪವರ್ರಾ?" ಅಂತ ಕೂಗಿದ. ಹಿಂದೆ ಮಾವನವರು, "ಹೂಂ, ಬರೆದ್ಕೊಂಡೆ" ಅಂತ ಕನವರಿಸಿ ಮಗ್ಗುಲಾದರು.

ಮನೆಗೆ ಒಂದು ಫರ್ಲಾಂಗ್ ಇರುವಾಗ ಸಣ್ಣ ಇಳಿಜಾರು. ಅಲ್ಲಿ ಹಗ್ಗ ಬಿಚ್ಚಿಸಿ, "ಮೂಲೇಲೇ ನಿಂತಿರು ಮಾರಾಯ, ಕೋಣಕ್ಕೆ ನೀರು ತಂದುಕೊಡ್ತೀನಿ" ಅಂದು, ಕಾರನ್ನು ಸದ್ದಿಲ್ಲದೆ ತೇಲಿಸಿಕೊಂಡು ಗೇಟಿನ ಮುಂದೆ ನಿಲ್ಲಿಸಿದೆ. ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

೭. ಎಚ್ಚರವಾಗಿದ್ದವರು

ಮಾವನವರು ಕಣ್ಣು ಬಿಟ್ಟರು. ಮೀಟರ್ ನೋಡಿದರು. ಮುದ್ರೆ ಮುಟ್ಟಿ ನೋಡಿದರು, ಒಂದು ಬಿರುಕಿಲ್ಲ. ಮುದ್ರೆ ಒಡೆದು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟರು. ಒಣಗಿದ ಕಡ್ಡಿ ಒಣಗಿಯೇ ಬಂತು.

"ಮೂವತ್ತರ ಮೇಲೆ ಒಂದು! ಕೊನೆಯ ಐದು ಮೈಲಿ ಅಂತೂ ಎಂಜಿನ್ ಇದೆ ಅಂತಲೇ ಗೊತ್ತಾಗಲಿಲ್ಲ. ಸದ್ದಿಲ್ಲ, ಹೊಗೆ ಇಲ್ಲ. ನಲವತ್ತು ವರ್ಷದ ಸರ್ವೀಸಲ್ಲಿ ನಾನು ಇಂಥ ಟ್ಯೂನಿಂಗ್ ಕಂಡಿಲ್ಲ."

"ಎಲ್ಲ ಕೈ ಗುಣ, ಮಾವ" ಅಂದೆ. ಅನ್ನಬಾರದಿತ್ತು.

"ಇಂಥ ಕಾರನ್ನ ಯಾರಿಗಾದರೂ ಕೊಡೋದುಂಟೇ?" ಅಂದರು ಮಾವನವರು. "ನಾನೇ ಇಟ್ಕೋತೀನಿ. ಡ್ರೈವರ್ ಇಟ್ಟರಾಯ್ತು. ಕೀ ಕೊಡಿ."

ಅಮ್ಮ ಆರತಿ ತಟ್ಟೆ ಕೆಳಗಿಳಿಸಿದಳು. ನಾನು ಕೀ ಹಿಡಿದು ನಿಂತೆ. ನಿಜ ಹೇಳಿದರೆ ಮೋಸಗಾರ, ಕಾರು ಮಲ್ಲೇಶ್ವರಕ್ಕೆ. ಹೇಳದಿದ್ದರೆ ಮಹಾಶೂರ, ಕಾರು ಬಸವನಗುಡಿಗೆ. ಎರಡರಲ್ಲೂ ಅಮ್ಮನಿಗೆ ಶುಕ್ರವಾರ ಇಲ್ಲ.

ಹೆಂಡತಿ ಮುಂದೆ ಬಂದಳು. "ಅಪ್ಪ, ಪೆಟ್ರೋಲು ಹುಳಿಮಾವಲ್ಲೇ ಮುಗಿದಿತ್ತು. ಅಲ್ಲಿಂದ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದೀವಿ. ನೀವು ಮಲಗಿದ್ರಿ."

"ಯಾರು ಮಲಗಿದ್ದು?" ಮಾವನವರ ಮೀಸೆ ನೆಟ್ಟಗಾಯಿತು. "ನಾನು ಹಗಲು ಮಲಗೋನಲ್ಲ!"

"ಹಾಗಾದರೆ ಎಳೆದದ್ದನ್ನ ನೋಡಿರಬೇಕಲ್ಲ?"

ರಸ್ತೆಯ ಏಳೂ ಮನೆಯವರು ಸೇರಿದ್ದರು. ಮಾವನವರು ಒಂದು ನಿಮಿಷ ಆಕಾಶ ನೋಡಿದರು.

"ನೋಡ್ದೆ. ಎಲ್ಲಾ ನೋಡ್ದೆ."

"ನೋಡಿಯೂ ಸುಮ್ಮನಿದ್ರಾ?"

"ನಾನು ಬರೆದ ಷರತ್ತಲ್ಲಿ ಒಂದು ಗ್ಯಾಲನ್ನು, ಮೂವತ್ತು ಮೈಲಿ ಅಂತಿದೆ. ಎಂಜಿನ್ನೇ ಎಳೀಬೇಕು ಅಂತ ಎಲ್ಲೂ ಇಲ್ಲ. ಬರಹ ಅಂದರೆ ಬರಹ." ನೋಟ್‌ಬುಕ್ ತೆಗೆದು 'ಪಾಸ್' ಅಂತ ಬರೆದು ಸಹಿ ಹಾಕಿದರು. "ಇಂಥ ಕಾರು ನನಗೆ ಬೇಡ. ನಿಮ್ಮಲ್ಲೇ ಇರಲಿ."

ಅಮ್ಮ ಆರತಿ ಎತ್ತಿದಳು. ಸಂತೋಷಕ್ಕೆ ಕಣ್ಣಲ್ಲಿ ನೀರು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ಬೀಗರೇ, ಅಷ್ಟು ದೂರ ಎಳೆದವಲ್ಲ ಪಾಪ, ಎಂಥಾ ಎತ್ತುಗಳು?"

"ಒಳ್ಳೇ ಜಾತಿ ಎತ್ತು" ಅಂದರು ಮಾವನವರು ಗತ್ತಿನಿಂದ. "ಜೋಡಿ. ಎರಡೂ ಹಾಲಿನಂಥ ಬಿಳುಪು."

ನೀರು ತರುತ್ತೇನೆ ಅಂದವನು ಬರಲಿಲ್ಲ ಅಂತ ರೈತ ಕಾದು ಬೇಸತ್ತು ಕೋಣಗಳನ್ನು ಹೊಡೆದುಕೊಂಡು ಬಂದಿದ್ದ. ಮಾವನವರ ಹೆಗಲ ಹಿಂದಿನಿಂದ ಎರಡು ಕರೀ ಮೂತಿಗಳು ಗೇಟಿನ ಮೇಲೆ ಬಂದು ಬುಸ್ಸೆಂದವು. ಮಾವನವರು ತಿರುಗಿ ನೋಡಿದರು.

ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಒಂದು ಕೋಣದ ಹಣೆ ತಟ್ಟಿ ಮಗಳಿಗೆ ಹೇಳಿದರು: "ಏನು ಬಿಸಿಲಮ್ಮಾ ಇವತ್ತು. ಐದು ಮೈಲಿಗೇ ಎಷ್ಟು ಕಪ್ಪಾಗಿಹೋಗಿವೆ ನೋಡು!"